ಧಣೇರ ಮನೆಯ ನಲವತ್ತೆರಡನೇ ಹೆಸರು

ನಮ್ಮೂರಲ್ಲಿ ಯಾರಾದರೂ ಸತ್ತರೆ ಎಲ್ಲರಿಗಿಂತ ಕಡೆಗೆ ಗೊತ್ತಾಗುವುದು ನನಗೆ. ಹೆಣ ಎದುರಿಗೇ ಬರುತ್ತಿದ್ದರೂ ನನ್ನನ್ನು ಕಂಡೊಡನೆ ಹಲಗೆ ಬಾರಿಸುವುದು ನಿಲ್ಲುತ್ತದೆ. "ಯಾರು ಹೋದ್ರು?" ಎಂದರೆ "ಯಾರೂ ಇಲ್ರೀ ಅಕ್ಕೋರ, ಹಿಂಗ ಸುಮ್ನ ಹೊಂಟೇವಿ" ಎನ್ನುತ್ತಾರೆ. ನಾಲ್ಕು ಮಂದಿ ಚಟ್ಟ ಹೊತ್ತುಕೊಂಡು ಸುಮ್ಮನೆ ಎಲ್ಲಿಗೆ ಹೋಗುತ್ತಾರೆ ಹೇಳಿ? ನಾನೂ ಹೆಚ್ಚು ಕೇಳುವುದಿಲ್ಲ. ಸೆರಗು ಮೂಗಿಗೆ ಹಿಡಿದು ದಾರಿ ಬಿಡುತ್ತೇನೆ. ನಾನು ಅಂಗನವಾಡಿಯ ಅಕ್ಕೋರು. ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವುದು ಸಾಲದೆಂದು ಸರ್ಕಾರ ನಮ್ಮ ಭಾಗದ ಮತದಾರರ ಪಟ್ಟಿಯನ್ನೂ ಇಪ್ಪತ್ತೊಂದು ವರ್ಷದಿಂದ ನನ್ನ ಕೊರಳಿಗೆ ಕಟ್ಟಿದೆ. ಸತ್ತವರ ಹೆಸರಿನ ಮೇಲೆ ಕೆಂಪು ಗೀಟು ಎಳೆಯುವುದು ನನ್ನ ಕೆಲಸ. ಎಳೆದರೆ ಅವರು ಬರುವುದಿಲ್ಲ. ಎಳೆಯದಿದ್ದರೆ ಬರುತ್ತಾರೆ.

ಬರುವುದು ವಿಧಾನಸಭೆ ಚುನಾವಣೆಗೆ ಮಾತ್ರ. ಬೆಳಿಗ್ಗೆ ಏಳಕ್ಕೆ ಮತದಾನ ಶುರುವಾಗುವ ಹೊತ್ತಿಗೆ ತಮ್ಮ ಮನೆಯ ಹೊಸ್ತಿಲಲ್ಲಿ ನಿಂತಿರುತ್ತಾರೆ, ಓಟು ಹಾಕುತ್ತಾರೆ, ಮನೆಗೆ ಮರಳಿ ಉಣ್ಣುತ್ತಾರೆ, ಸಂಜೆ ಆರಕ್ಕೆ ಮಷೀನಿಗೆ ಅರಗಿನ ಮುದ್ರೆ ಬೀಳುತ್ತಿದ್ದಂತೆ ಇರುವುದಿಲ್ಲ. ಲೋಕಸಭೆಗೆ ಬರುವುದಿಲ್ಲ, ದಿಲ್ಲಿ ಅವರಿಗೂ ದೂರವಾಗುತ್ತದೋ ಏನೋ. ಪುರಸಭೆಗೂ ಇಲ್ಲ, ಗಟಾರದ ಗೊಡವೆ ಬದುಕಿದವರಿಗೇ ಇರಲಿ ಎಂದು ಬಿಟ್ಟಿರಬೇಕು.

ಊರು ಇದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಮತದಾನದ ಹಿಂದಿನ ದಿನ ಮನೆಮನೆಯಲ್ಲೂ ಹಾರ ಹಾಕಿದ ಫೋಟೊಗಳನ್ನು ಗೋಡೆಯಿಂದ ಇಳಿಸಿ ಟ್ರಂಕಿಗೆ ಹಾಕುತ್ತಾರೆ. ಸತ್ತವರಿಗೆ ತಮ್ಮ ನಂತರ ಯಾರು ಸತ್ತರೆಂದು ಗೊತ್ತಿರುವುದಿಲ್ಲ, ಗೊತ್ತು ಮಾಡಬಾರದು. ಸಿಗುವ ಒಂದು ದಿನ ಅಳುವುದರಲ್ಲೇ ಹೋಗುತ್ತದೆ. ಸಾಯುವವರೂ ಈಗ ಗಂಗಾಜಲ ಕೇಳುವುದಿಲ್ಲ, "ನನ್ನ ಹೆಸರು ತೆಗಸಬ್ಯಾಡ್ರಿ" ಎನ್ನುತ್ತಾರೆ. ಎಲ್ಲರೂ ಉಳಿಸಿಕೊಳ್ಳುತ್ತಾರೆಂದಲ್ಲ. ಇಪ್ಪತ್ತು ವರ್ಷ ಗಂಡನಿಂದ ಒದೆ ತಿಂದ ಹೆಂಗಸೊಬ್ಬಳು ಅವನ ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಹೆಸರು ತೆಗೆಸಲು ನನ್ನ ಬಳಿ ಓಡಿ ಬಂದಿದ್ದಳು. ನನ್ನ ಗಂಡನ ಹೆಸರನ್ನು ನಾನೂ ಹನ್ನೊಂದನೇ ದಿನಕ್ಕೆ ಹೊಡೆದು ಹಾಕಿದೆ. ಯಾಕೆಂದು ಕೇಳಬೇಡಿ.

ಮೊದಲು ಇದಕ್ಕೆ ಮಿತಿ ಇರಲಿಲ್ಲ. ಒಂದು ಸಲ ಒಂಬೈನೂರು ಜನ ಬದುಕಿದ್ದ ನಮ್ಮ ಭಾಗದಲ್ಲಿ ಹದಿಮೂರು ನೂರು ಮತ ಬಿದ್ದು, ಮೇಲಿನಿಂದ ಬಂದ ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಗ ಎರಡೂ ಪಕ್ಷದವರು ಪ್ರವಾಸಿ ಮಂದಿರದಲ್ಲಿ ಕೂತರು. ಒಂದೇ ಹೋಟೆಲಿನಲ್ಲಿ ಚಹಾ ಕುಡಿಯದ ಕೊಡಲಿ ಗುರುತಿನವರು ಮತ್ತು ಗಂಗಾಳ ಗುರುತಿನವರು ಅಂದು ಒಂದೇ ಗಂಗಾಳದಲ್ಲಿ ಉಂಡರು ಅನ್ನಿ. ಎರಡು ಮಾತಾಯಿತು. ಒಂದು, ಬಾಗಿಲು ಸಂಖ್ಯೆಗೊಬ್ಬರಂತೆ ಸತ್ತವರನ್ನು ಇಟ್ಟುಕೊಳ್ಳಬಹುದು. ಎರಡು, ಹೆಸರು ಹೊಡೆಸಬೇಕಾದರೂ ಬೇರೆಡೆ ಬರೆಸಬೇಕಾದರೂ ಆ ಮನೆಯ ಹಿರಿಯರ ಸಹಿ ಬೇಕು. ಯಾಕೆಂದರೆ ಇವರ ಸತ್ತವರನ್ನು ಅವರು, ಅವರ ಸತ್ತವರನ್ನು ಇವರು ಕದ್ದು ಹೊಡೆಸುತ್ತಿದ್ದರು. ಗುಬ್ಬಿ ಗುರುತಿನ ಪಕ್ಷವೂ ಒಂದಿದೆ, ಅದರವನನ್ನು ಯಾರೂ ಕರೆಯಲಿಲ್ಲ. ಅವನಿಗೆ ಬೀಳುವುದು ಹನ್ನೊಂದು ಮತ, ಅದರಲ್ಲಿ ಎಂಟು ಸತ್ತವರದು.

ಇನ್ನು ಕಸ್ತೂರಿಯ ವಿಷಯ. ನಮ್ಮ ಅಂಗನವಾಡಿಯ ಹಿಂದೆ ಹಿಟ್ಟಿನ ಗಿರಣಿ ನಡೆಸುವವಳು. ಅವಳ ಗಂಡ ಫಕೀರಪ್ಪ ಕೊಡಲಿ ಪಕ್ಷದ ಬಾವುಟ ಕಟ್ಟುವವ. ಈಗ ಹೇಳುವ ಚುನಾವಣೆಗೆ ಏಳು ವರ್ಷ ಮೊದಲು ಸಮಾವೇಶಕ್ಕೆಂದು ಕಂಬ ಹತ್ತಿದವ ಕೆಳಗೆ ಬಿದ್ದು ಸತ್ತ. ಪಕ್ಷದವರು ಅವನ ಫೋಟೊವನ್ನು ಒಂದು ವಾರ ಬ್ಯಾನರಿನಲ್ಲಿ ಹಾಕಿದರು, ಆಮೇಲೆ ಅದೇ ಬ್ಯಾನರಿನ ಹಿಂಬದಿಗೆ ಇನ್ಯಾರದೋ ಹುಟ್ಟುಹಬ್ಬ ಬರೆಸಿದರು. ಕಸ್ತೂರಿ ಅಂದಿನಿಂದ ಕೊಡಲಿಯ ಹೆಸರೆತ್ತಿದರೆ ಗಿರಣಿಯ ಬೆಲ್ಟು ಬಿಚ್ಚಿ ಹೊಡೆಯಲು ಬರುತ್ತಿದ್ದಳು. ಹಿಂದಿನ ಚುನಾವಣೆಗೆ ಫಕೀರಪ್ಪ ಬಂದಿದ್ದ, ಅವ್ವನ ಕೈಯ ಶೇಂಗಾ ಹೋಳಿಗೆ ತಿಂದು ಹೋದ. ಅದಾದ ಮೂರು ವರ್ಷಕ್ಕೆ ಮಗಳು ವಿದ್ಯಾ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಹತ್ತೊಂಬತ್ತು ವರ್ಷ. ಓಟಿನ ಕಾರ್ಡು ನಾನೇ ಮಾಡಿಸಿಕೊಟ್ಟಿದ್ದೆ. "ಅಕ್ಕೋರ, ಬೆರಳಿಗೆ ಇಂಕ್ ಯಾವಾಗ ಹಚ್ತಾರ್ರಿ?" ಎಂದು ದಾರಿಯಲ್ಲಿ ಸಿಕ್ಕಾಗೆಲ್ಲ ಕೇಳುತ್ತಿದ್ದ ಹುಡುಗಿ.

ಮನೆಗೆ ಒಂದೇ ಬಾಗಿಲು ಸಂಖ್ಯೆ, ಸತ್ತವರು ಇಬ್ಬರು. ಅತ್ತೆ ನಿಂಗವ್ವನಿಗೆ ಮಗ ಬೇಕು, ಸೊಸೆಗೆ ಮಗಳು ಬೇಕು. ಪಟ್ಟಿ ತಿದ್ದುವ ದಿನ ಹತ್ತಿರ ಬಂದಂತೆ ಒಂದೇ ಒಲೆಯಲ್ಲಿ ಅಡುಗೆ ಮಾಡುವ ಇಬ್ಬರೂ ಮಾತು ಬಿಟ್ಟರು. ಬೆಳಿಗ್ಗೆ ನಿಂಗವ್ವ ಬರುತ್ತಿದ್ದಳು: "ಸೊಸಿ ಮಾತ ಕೇಳಿ ನನ್ನ ಮಗನ್ನ ಹೊಡದ್ರಿ ಅಂದ್ರ ನಿಮ್ಮ ಅಂಗನವಾಡಿ ಮುಂದ ಉಪಾಸ ಕುಂದ್ರತೀನ್ರಿ. ಮೊಮ್ಮಗಳ ಮ್ಯಾಲ ನನಗೇನ್ ಸಿಟ್ಟ? ಆದ್ರ ಹೆತ್ತ ಹೊಟ್ಟಿ ಕೇಳಬೇಕಲ್ರಿ." ಮಧ್ಯಾಹ್ನ ಕಸ್ತೂರಿ ಹಿಟ್ಟು ಮೆತ್ತಿದ ಕೈಯಲ್ಲೇ ಬರುತ್ತಿದ್ದಳು: "ಅವ್ರು ಒಮ್ಮೆ ಬಂದು ಹೋಗ್ಯಾರ್ರಿ. ಆಕಿ ಒಮ್ಮೆನೂ ಬಂದಿಲ್ಲ. ನಾ ಹೆತ್ತಿಲ್ಲೇನು?" ನಾನು ಯಾರಿಗೆ ಏನು ಹೇಳಲಿ? ಮನೆಯ ಹಿರಿಯಳು ನಿಂಗವ್ವ, ಸಹಿ ಅವಳದೇ ನಡೆಯುವುದು. ಕಡೆಗೆ ಅವಳು ವಿದ್ಯಾಳ ಹೆಸರು ಹೊಡೆಸುವ ಫಾರ್ಮಿನ ಮೇಲೆ ಹೆಬ್ಬೆಟ್ಟು ಒತ್ತಲು ಬಂದೇಬಿಟ್ಟಳು. ಒತ್ತಲಾಗದೆ ಮಸಿ ಹಚ್ಚಿದ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು ಮಕ್ಕಳ ಮಧ್ಯೆ ಕೂತು ಅತ್ತಳು.

ಅದು ಹೇಗೋ ಹೊಳೆಬಸಪ್ಪ ಧಣಿಯ ಕಿವಿಗೆ ಬಿತ್ತು. ನಮ್ಮ ಕಡೆ ಕೊಡಲಿ ಪಕ್ಷ ಎಂದರೆ ಆತನೇ. ಬಾಗಿಲು ಸಂಖ್ಯೆಗೊಬ್ಬರು ಎಂದು ಮಾತಾದ ತಿಂಗಳೊಳಗೆ ತನ್ನ ಒಂದು ವಾಡೆಗೆ ಪುರಸಭೆಯಿಂದ ಐವತ್ತು ಬಾಗಿಲು ಸಂಖ್ಯೆ ಬರೆಸಿಕೊಂಡ ಮನುಷ್ಯ. ದನದ ಕೊಟ್ಟಿಗೆಗೊಂದು, ಜೀಪಿನ ಶೆಡ್ಡಿಗೊಂದು, ಕಣಜಕ್ಕೊಂದು, ನಾಯಿಗೂಡಿಗೂ ಒಂದು. ದಿಕ್ಕಿಲ್ಲದ ಸತ್ತವರನ್ನೂ, ಮನೆಯಲ್ಲಿ ಜಾಗ ಸಿಗದ ಸತ್ತವರನ್ನೂ ಒಬ್ಬೊಬ್ಬರಾಗಿ ಅಲ್ಲಿ ತುಂಬಿಕೊಂಡಿದ್ದ. ಆ ಹೊತ್ತಿಗೆ ನಲವತ್ತು ಮಂದಿ ಇದ್ದರು. ಆತ ಗಿರಣಿಗೇ ಬಂದು, ಹಿಟ್ಟಿನ ಚೀಲದ ಮೇಲೆ ಕೂತು, "ಜಗಳ ಯಾಕ ಅವ್ವಾ? ಮಗ ಇಲ್ಲಿರಲಿ. ಮೊಮ್ಮಗಳ ಹೆಸರು ನಮ್ಮನಿಗೆ ಹಾಕ್ರಿ. ನಂಬರ್ ನಾ ಕೊಡ್ತೀನಿ. ಅವತ್ತು ಏಳಕ್ಕ ನಿಮ್ಮ ಮನಿಗೆ ಕಳಿಸಿದ್ರ ಆತಲ್ಲ?" ಎಂದ. ಪ್ರತಿಯಾಗಿ ಏನು ಬೇಕೆಂದು ಕಸ್ತೂರಿಯೇ ಕೇಳಿದಳು. ದೊಡ್ಡದೇನಲ್ಲ: ಅತ್ತೆ ಸೊಸೆ ಇಬ್ಬರ ಓಟು, ಮತ್ತೆ ಗಿರಣಿಯ ಮೇಲೊಂದು ಕೊಡಲಿಯ ಬಾವುಟ. ಗಂಡನನ್ನು ನುಂಗಿದ ಬಾವುಟವನ್ನು ಕಸ್ತೂರಿ ತಾನೇ ಸ್ಟೂಲು ಹತ್ತಿ ಕಟ್ಟಿದಳು.

ವಿದ್ಯಾಳ ಹೆಸರು ಬದಲಿಸುವ ಫಾರ್ಮು ತುಂಬಿದವಳು ನಾನು. ತುಂಬುವಾಗ ಒಂದು ಮಾತು ಹೇಳಿದೆ, ಅದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. "ಕಸ್ತೂರಿ, ಸತ್ತವರು ಪಟ್ಟ್ಯಾಗ ಇದ್ದ ಮನಿಗೇ ಬರ್ತಾರ ನೋಡು. ಆ ಟೇಲರನ ಅಪ್ಪ, ಮಗ ಮನಿ ಬದಲಿಸಿದ್ರೂ, ಪಟ್ಟ್ಯಾಗಿದ್ದ ಹಳೇ ಬಾಡಿಗಿ ಮನಿಗೇ ಬಂದು, ಗುರ್ತಿಲ್ಲದವರ ಕೂಡ ಸಂಜಿ ತನಕ ಕುಂತು ಹೋಗಿಲ್ಲೇನು?" ಆ ಸಂಗತಿ ಊರಿಗೆಲ್ಲ ಗೊತ್ತಿತ್ತು, ಎಲ್ಲರೂ ನಕ್ಕಿದ್ದರು. "ಅಂವ ಮುದುಕ್ರಿ, ಹೊಸಾ ಮನಿ ದಾರಿ ಗೊತ್ತಾಗಿರಲಿಕ್ಕಿಲ್ಲ," ಎಂದಳು ಕಸ್ತೂರಿ. "ನಮ್ಮಾಕಿಗೆ ಗೊತ್ತಿಲ್ಲದ ದಾರಿನಾ? ನಾನ ಹೋಗಿ ಕರಕೊಂಡ ಬರ್ತೀನಿ." ನನಗೂ ಹೌದೆನ್ನಿಸಿತು. ಧಣಿಯ ವಾಡೆಗೂ ಅವಳ ಮನೆಗೂ ಹತ್ತು ನಿಮಿಷದ ನಡಿಗೆ. ಸತ್ತವರು ಮನೆ ಮತ್ತು ಬೂತು ಬಿಟ್ಟು ಬೇರೆ ಕಡೆ ಹೋದದ್ದನ್ನು ನಾವ್ಯಾರೂ ನೋಡಿರಲಿಲ್ಲ. ಹೋಗಲು ಆಗುತ್ತದೋ ಇಲ್ಲವೋ ಎಂದು ಯಾರೂ ಕೇಳಿಯೂ ಇರಲಿಲ್ಲ. ನಿಂಗವ್ವ ಈ ಸಲ ಹೆಬ್ಬೆಟ್ಟು ಒತ್ತಿ, ಅದೇ ಬೆರಳಿನಿಂದ ಸೊಸೆಯ ಗಲ್ಲ ಸವರಿದಳು. ವಿದ್ಯಾಳಿಗೆ ಸಿಕ್ಕಿದ್ದು ಧಣಿಯ ಹಿತ್ತಲ ಬಚ್ಚಲಿನ ಸಂಖ್ಯೆ. ನಲವತ್ತೊಂದನೇ ಹೆಸರು.

ಮತದಾನದ ಹಿಂದಿನ ದಿನ ಅವರ ಮನೆಯಲ್ಲಿ ಎರಡೂ ಫೋಟೊ ಇಳಿಸಿದರು. ಕಸ್ತೂರಿ ಹಸಿರು ಸೀರೆಯೊಂದನ್ನು ತಂದು ಮಗಳಿಗೆಂದು ಮಡಿಸಿಟ್ಟಿದ್ದಳು. ಫಕೀರಪ್ಪ ಕೇಳಿದರೆ ಏನು ಹೇಳುವುದು ಎಂದೂ ಅತ್ತೆ ಸೊಸೆ ಮಾತಾಡಿಕೊಂಡಿದ್ದರು: ವಿದ್ಯಾ ಹಾಸ್ಟೆಲಿನಲ್ಲಿದ್ದಾಳೆ, ಓಟು ಹಾಕಲು ಬಂದಿದ್ದಾಳೆ, ಧಣೇರ ಮನೆಯ ಹುಡುಗಿಯರ ಜೊತೆ ಹೋಗಿದ್ದಾಳೆ, ಈಗ ಬರುತ್ತಾಳೆ. ಆಮೇಲೆ ನಾಲ್ವರೂ ಕೂತು ಉಣ್ಣುವುದು. ಮಗಳು ಸತ್ತದ್ದು ಅಪ್ಪನಿಗೆ ತಿಳಿಯದ ಹಾಗೆ ಸಂಜೆ ಆರರ ತನಕ ನಗುನಗುತ್ತ ಇದ್ದುಬಿಡುವುದು. ಎಂಥ ಆಸೆ ನೋಡಿ.

ಅಂದು ನಾನು ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಪಟ್ಟಿ ಹರವಿಕೊಂಡು ಕೂತಿದ್ದೆ. ಏಳೂಕಾಲಕ್ಕೆ ಧಣಿಯ ಎರಡು ಟೆಂಪೊ ಬಂದು ನಿಂತವು. ಸತ್ತವರು ಒಬ್ಬೊಬ್ಬರಾಗಿ ಇಳಿದರು: ಬಳೆಗಾರ ಮುದುಕಿ, ನಿವೃತ್ತ ಪೋಸ್ಟ್‌ಮನ್, ಬಾವಿಗೆ ಬಿದ್ದ ಅಣ್ಣತಮ್ಮ. ಅವರ ನಡುವೆ ವಿದ್ಯಾ. ಹಿಂದೆಯೇ ಕಸ್ತೂರಿ ಏದುಸಿರು ಬಿಡುತ್ತ ಓಡಿ ಬಂದಳು. ವಾಡೆಯ ಬಾಗಿಲಲ್ಲಿ ಮಗಳನ್ನು ಕರೆದರೆ, "ಮೊದಲ ಓಟು, ಆಮ್ಯಾಲೆ ಮನಿ" ಎಂದು ಧಣಿಯ ಆಳುಗಳು ಟೆಂಪೊ ಹತ್ತಿಸಿದ್ದರಂತೆ. ವಿದ್ಯಾ ನೆಟ್ಟಗೆ ನನ್ನ ಟೇಬಲಿಗೆ ಬಂದಳು. "ಅಕ್ಕೋರ, ನನ್ನ ಮನಿ ನಂಬರ್ ತಪ್ಪ ಬಿದ್ದೈತಿ ನೋಡ್ರಿ. ನಾ ಯಾರದೋ ಬಚ್ಚಲದಾಗ ನಿಂತಿದ್ದೆ," ಎಂದಳು. ನಾನು ತಲೆ ತಗ್ಗಿಸಿ, "ಆಮ್ಯಾಲೆ ಸರಿ ಮಾಡೋಣವ್ವ" ಎಂದೆ. ಸುಳ್ಳು ಹೇಳಿದೆ. ಅವಳು ಒಳಗೆ ಹೋಗಿ ಬಂದು ಎಡಗೈ ಬೆರಳನ್ನು ಎತ್ತಿ ತೋರಿಸಿದಳು. ಇಂಕು ಇನ್ನೂ ಹಸಿಯಾಗಿತ್ತು. ಅವಳ ಮುಖದ ಮೇಲಿನ ಖುಷಿ ನೋಡಲಾಗದೆ ನಾನು ಪಟ್ಟಿಯ ಹಾಳೆ ಮಗುಚಿದೆ.

ಅಷ್ಟರಲ್ಲಿ ಫಕೀರಪ್ಪ ಅವ್ವನ ಕೈ ಹಿಡಿದು ಬಂದ. ಮಗಳನ್ನು ಕಂಡು, "ಏ ವಿದ್ಯಾ! ಎಷ್ಟ ಎತ್ತರ ಆಗೀಯಬೇ! ಹಾಸ್ಟೆಲ್ಲಿಂದ ಯಾವಾಗ ಬಂದಿ?" ಎಂದು ನಗುತ್ತ ಮುಂದೆ ಬಂದವ, ಅವಳ ಹಿಂದೆ ನಿಂತ ಟೆಂಪೊ ನೋಡಿದ. ಓಟು ಹಾಕಿ ಬಂದ ಪೋಸ್ಟ್‌ಮನ್ ಮತ್ತೆ ಟೆಂಪೊ ಹತ್ತಿ ಕೂತಿದ್ದ. ಆ ಪೋಸ್ಟ್‌ಮನ್ನನ ಚಟ್ಟಕ್ಕೆ ಹೆಗಲು ಕೊಟ್ಟವ ಇದೇ ಫಕೀರಪ್ಪ. ಧಣಿಯ ಟೆಂಪೊದಲ್ಲಿ ಎಂಥವರು ಬರುತ್ತಾರೆಂದು ಪಕ್ಷಕ್ಕೆ ದುಡಿದವನಿಗೆ ಗೊತ್ತಿಲ್ಲವೆ? ನಗು ಬಾಯಲ್ಲೇ ನಿಂತಿತು. "ಯಾವಾಗ?" ಎಂದು ಹೆಂಡತಿಯನ್ನು ಕೇಳಿದ. ಕಸ್ತೂರಿ ಬಾಯಿಗೆ ಸೆರಗು ತುರುಕಿಕೊಂಡಳು. ವಿದ್ಯಾಳೇ ಅಪ್ಪನ ತೋಳು ಹಿಡಿದು, "ಈಗ ಯಾಕ ಬಿಡೋ ಅಪ್ಪಾ. ನೀ ಓಟ್ ಹಾಕಿ ಬಾ, ಮನಿಗೆ ಹೋಗೋಣು," ಎಂದಳು. ಅವನು ಒಳಗೆ ಹೋದ. ಯಾವ ಗುರುತು ಒತ್ತಿದನೋ ನನಗೆ ಗೊತ್ತಿಲ್ಲ. ಒಳಗಿದ್ದವರು ಹೇಳಿದ್ದು, ಅವನು ಮಷೀನಿನ ಮುಂದೆ ತುಂಬ ಹೊತ್ತು ನಿಂತಿದ್ದನಂತೆ.

ನಾಲ್ವರೂ ಶಾಲೆಯ ಗೇಟು ದಾಟಿದರು. ಕಸ್ತೂರಿ ನಡುವೆ, ಒಂದು ಕೈಯಲ್ಲಿ ಗಂಡ, ಇನ್ನೊಂದು ಕೈಯಲ್ಲಿ ಮಗಳು. ಗೇಟಿನಿಂದ ಎಡಕ್ಕೆ ಹೋದರೆ ಅವರ ಮನೆ, ಬಲಕ್ಕೆ ಹೋದರೆ ಧಣಿಯ ವಾಡೆ. ಫಕೀರಪ್ಪನ ಕಾಲು ಎಡಕ್ಕೆ ತಿರುಗಿತು. ವಿದ್ಯಾಳ ಕಾಲು ಬಲಕ್ಕೆ ತಿರುಗಿತು. "ಅವ್ವಾ, ನನ್ನ ಕಾಲು ಬರವಲ್ದು," ಎಂದಳು ಹುಡುಗಿ. ಕಸ್ತೂರಿ ಎಳೆದಳು. ಫಕೀರಪ್ಪ ಮಗಳ ಕಡೆ ಬರಲು ನೋಡಿದ, ಅವನ ಕಾಲೂ ಬರಲಿಲ್ಲ. ನಾನು ಪಟ್ಟಿ ಬಿಟ್ಟು ಓಡಿ ಹೋದೆ, ಹೋಗಿ ಮಾಡುವುದೇನಿತ್ತು? ಟೆಂಪೊದ ಪಕ್ಕ ನಿಂತಿದ್ದ ಹೊಳೆಬಸಪ್ಪ, "ನಾ ಕಳಸ್ತೀನಿ ಅಂದಿದ್ದೆ, ಕಳಸೂದಕ್ಕೂ ತಯಾರ ಇದೀನಿ. ಆಕಿ ಕಾಲು ಬರಲಿಲ್ಲಂದ್ರ ನಾ ಏನ್ ಮಾಡ್ಲಿ? ಪಟ್ಟಿ ಹಂಗ ಐತಿ. ಅಕ್ಕೋರನ್ನ ಕೇಳ್ರಿ," ಎಂದ. ಕೇಳಲಿಲ್ಲ, ಕಸ್ತೂರಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಅವಳು ಗಂಡನ ಕೈ ಬಿಟ್ಟಳು. ನಿಂಗವ್ವ ಮಗನನ್ನು ಹಿಡಿದುಕೊಂಡು ಎಡಕ್ಕೆ ಹೋದಳು. ಫಕೀರಪ್ಪ ತಿರುವಿನ ತನಕ ಹಿಂದೆ ತಿರುಗಿ ನೋಡುತ್ತಲೇ ನಡೆದ.

ವಾಡೆಯಲ್ಲಿ ಅಂದು ಪಕ್ಷದ ಮುನ್ನೂರು ಹುಡುಗರಿಗೆ ಊಟ. ಸತ್ತ ಹೆಂಗಸರನ್ನೆಲ್ಲ ಧಣಿಯ ಹೆಂಡತಿ ಅಡುಗೆಮನೆಗೆ ಹಚ್ಚಿದ್ದಳು. ಸುಮ್ಮನೆ ಕೂತು ಏನು ಮಾಡುತ್ತಾರೆ ಎಂದಳಂತೆ. ವಿದ್ಯಾಳ ಮುಂದೆ ಹಿಟ್ಟು ನಾದುವ ಮರದ ಕೊಣಮಿಗೆ ಇಟ್ಟು ರೊಟ್ಟಿ ಬಡಿಯಲು ಹೇಳಿದರು. ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಬದುಕಿದ್ದಾಗ ಒಲೆಯ ಹತ್ತಿರ ಸುಳಿದವಳಲ್ಲ. ಕಸ್ತೂರಿ ಪಕ್ಕದಲ್ಲಿ ಕೂತು ಕೈ ಹಿಡಿದು ಕಲಿಸಿದಳು. ಮಗಳು ತಟ್ಟುವುದು, ಅವ್ವ ಬೇಯಿಸುವುದು. ಹಿಟ್ಟು ತಾನೇ ಬೀಸಿಕೊಟ್ಟದ್ದೆಂದು ಕೈಗೆ ಹತ್ತಿದ ಕೂಡಲೇ ಕಸ್ತೂರಿಗೆ ಗೊತ್ತಾಯಿತಂತೆ. ಸಂಜೆ ಆರಕ್ಕೆ ವಿದ್ಯಾ, "ಅವ್ವಾ, ಇದು ನೋಡು ಉಬ್ಬೇತಿ" ಎಂದಳು. ಕಸ್ತೂರಿ ಹಂಚಿನ ಕಡೆ ನೋಡಿ ತಿರುಗುವುದರೊಳಗೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಕೊಣಮಿಗೆಯಲ್ಲಿ ಅರ್ಧ ತಟ್ಟಿದ ರೊಟ್ಟಿ ಇತ್ತು. ಧಣಿಯ ಹೆಂಡತಿ, "ಅದನ್ನೂ ಮುಗಿಸಿ ಹೋಗವ್ವ" ಎಂದಳು. ಮುಗಿಸಿ ಬಂದಳು. ಮನೆಯಲ್ಲಿ ನಾಲ್ವರಿಗೆ ಮಾಡಿದ ಹೋಳಿಗೆ ಮುಚ್ಚಿದ ಹಾಗೇ ಇತ್ತು, ಫಕೀರಪ್ಪ ಮುಟ್ಟಿರಲಿಲ್ಲ.

ಆ ಸಲ ನಮ್ಮ ಕಡೆ ಕೊಡಲಿ ಮುನ್ನೂರ ಹನ್ನೆರಡು ಮತದಿಂದ ಗೆದ್ದಿತು, ರಾಜ್ಯದಲ್ಲಿ ಗಂಗಾಳ ಗೆದ್ದಿತು. ಮೂರು ವಾರದಲ್ಲಿ ಹೊಳೆಬಸಪ್ಪ ಗಂಗಾಳದ ಶಾಲು ಹೊದ್ದುಕೊಂಡ. ಗಾಳಿ ಬಂದಾಗ ತೂರಿಕೊಳ್ಳುವವರಿಗೆ ನಾಚಿಕೆ ಎಲ್ಲಿಯದು? ಅವನ ಜೊತೆ ನಲವತ್ತೊಂದು ಮಂದಿ ಸತ್ತವರೂ ಪಕ್ಷ ಬದಲಿಸಿದಂತಾಯಿತು, ಅವರನ್ನು ಯಾರೂ ಕೇಳಲಿಲ್ಲ. ಗಿರಣಿಯ ಮೇಲಿನ ಬಾವುಟ ಬಿಸಿಲಿಗೆ ಬಿಳಿಚಿಕೊಂಡು ನೇತಾಡುತ್ತಿತ್ತು. ಕಸ್ತೂರಿ ಅದನ್ನು ಬಿಚ್ಚಲೂ ಇಲ್ಲ.

ಮುಂದಿನ ಸಲ ಪಟ್ಟಿ ತಿದ್ದುವಾಗ ಬಂದಳು. "ಆಕಿ ಹೆಸರು ಹೊಡದ ಬಿಡ್ರಿ ಅಕ್ಕೋರ. ಆಕಿ ಬರದಿದ್ರೂ ನಡೀತೈತಿ. ಮಂದಿ ಬಚ್ಚಲದಾಗ ನಿಂದ್ರೂದು ಬ್ಯಾಡ, ಮಂದಿ ರೊಟ್ಟಿ ಬಡಿಯೂದು ಬ್ಯಾಡ," ಎಂದಳು. ಹೆಸರು ಉಳಿಸಲು ನನ್ನ ಕಾಲು ಹಿಡಿದಿದ್ದ ಹೆಂಗಸು ಈಗ ಅದನ್ನು ಹೊಡೆಸಲು ಕಾಲು ಹಿಡಿದಳು. ನಾನು ಕೆಂಪು ಪೆನ್ನು ತೆಗೆದೆ, ಮತ್ತೆ ಮುಚ್ಚಿದೆ. ಮನೆಯ ಹಿರಿಯರ ಸಹಿ ಬೇಕು. ವಿದ್ಯಾಳ ಮನೆಯ ಹಿರಿಯ ಈಗ ಹೊಳೆಬಸಪ್ಪ.

ಇಬ್ಬರೂ ಹೋದೆವು. ಧಣಿ ಜೋಕಾಲಿಯ ಮೇಲೆ ಕೂತು ಚಹಾ ತರಿಸಿದ. "ಹೊಡಸೂದ್ಯಾಕ ಅವ್ವಾ? ನಮ್ಮನಿ ಮಗಳಿದ್ದಂಗ ಅದಾಳ. ಆಕಿ ರೊಟ್ಟಿ ನಮ್ಮ ಹುಡುಗ್ರು ಇನ್ನೂ ನೆನಸ್ತಾರ. ಬೇಕಾದ್ರ ಮೊದಲಿನಂಗ ನಿಮ್ಮನಿಗೆ ಬರಸ್ಕೊ, ನಿನ್ನ ಗಂಡನ್ನ ಹೊಡಸಿ," ಎಂದ. ನಿಂಗವ್ವ ಬದುಕಿರುವವರೆಗೆ ಅದು ಆಗದೆಂದು ಅವನಿಗೂ ಗೊತ್ತು, ಗೊತ್ತಿದ್ದೇ ಹೇಳಿದ. ನನಗೆ ಆ ಚಹಾದ ಬಟ್ಟಲನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಕುಡಿದು ಬಂದೆ. ನನ್ನಂಥವರು ಕುಡಿದು ಬರುವುದರಿಂದಲೇ ಅಂಥವರ ಜೋಕಾಲಿ ತೂಗುತ್ತದೆ.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ, ಮಕ್ಕಳು ಉಪ್ಪಿಟ್ಟು ತಿನ್ನುವ ಹೊತ್ತಿಗೆ, ಕಸ್ತೂರಿ ಅಂಗನವಾಡಿಗೆ ಬಂದು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತಳು. "ಮನಿ ಬದಲಿ ಮಾಡೂ ಫಾರ್ಮ್ ಕೊಡ್ರಿ," ಎಂದಳು. ಯಾರಿಗೆ ಎಂದು ಕೇಳಿದೆ. "ನನಗ್ರಿ." ಅವಳೇ ಹೇಳಿದಳು, "ಹೆಂಗೂ ಒಂದಿನ ಸಾಯಾಕಿ. ಸತ್ತ ಮ್ಯಾಲ ನನ್ನ ಕಾಲು ಯಾವ ಕಡೆ ತಿರಗಬೇಕು, ನೀವ ಹೇಳ್ರಿ." "ನಿಮ್ಮತ್ತಿ? ನಿನ್ನ ಗಂಡ?" ಎಂದೆ. "ಅತ್ತಿಗೆ ಆಕಿ ಮಗ ಅದಾನ, ಅವರಿಗೆ ಅವರವ್ವ ಅದಾಳ," ಎಂದಳು. ಅತ್ತೆಯ ಹೆಬ್ಬೆಟ್ಟನ್ನು ಆಗಲೇ ಒತ್ತಿಸಿಕೊಂಡು, ಹೊಳೆಬಸಪ್ಪನಿಂದಲೂ ಒಂದು ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು ಬಂದಿದ್ದಳು. ಇದಕ್ಕೆ ಅವನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಸಗಣಿಯ ಕುಳ್ಳು ಒಟ್ಟುವ ಗುಡಿಸಲಿನ ಸಂಖ್ಯೆ ಕೊಟ್ಟಿದ್ದ. "ಬಚ್ಚಲಕ್ಕ ಬಾಜೂಕ ಐತ್ರಿ," ಎಂದಳು ಕಸ್ತೂರಿ. ಅವಳ ದನಿಯಲ್ಲಿ ಸಮಾಧಾನವಿತ್ತು, ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ, ಎದ್ದು ಹೋಗಿ ಉಪ್ಪಿಟ್ಟಿನ ಪಾತ್ರೆ ತಿಕ್ಕಿ ಬಂದೆ.

ಬಂದು ಪಟ್ಟಿ ಬಿಚ್ಚಿದೆ. ಧಣೇರ ಮನೆಯ ಪುಟಕ್ಕೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ನಲವತ್ತೆರಡು ಎಂದು ಬರೆದು ಅವಳ ಹೆಸರು ಶುರು ಮಾಡಿದಾಗ, ಅವಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಬಗ್ಗಿ ನೋಡಿದಳು. "ಅಕ್ಷರ ಗಟ್ಟಿ ಬರೀರಿ ಅಕ್ಕೋರ," ಎಂದಳು, "ಅಳಸಬಾರದು." ಗಟ್ಟಿಯಾಗಿಯೇ ಬರೆದೆ.